ಭಾರಕ್ಕೊಂದು, ಪೆಟ್ಟಿಗೊಂದು, ನಡುಕಕ್ಕೊಂದು: ಮನೆಯ ವ್ಯಾಯಾಮಕ್ಕೆ ಎಂಥ ನೆಲಹಾಸು?

ಮನೆಯಲ್ಲೇ ವ್ಯಾಯಾಮ ಮಾಡುವ ರೂಢಿ 2020ರ ಲಾಕ್‌ಡೌನಿನ ನಂತರ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಜಿಮ್‌ಗಳು ಮುಚ್ಚಿದ್ದ ಆ ತಿಂಗಳುಗಳಲ್ಲಿ ಮನೆ ಸೇರಿದ ಡಂಬೆಲ್, ಬೆಂಚು, ಸೈಕಲ್, ಟ್ರೆಡ್‌ಮಿಲ್‌ಗಳು ಎಷ್ಟೋ ಕಡೆ ಹಾಗೆಯೇ ಉಳಿದಿವೆ. ಯಂತ್ರ ಕೊಳ್ಳುವಾಗ ಮೋಟಾರಿನ ಶಕ್ತಿ, ಬೆಲ್ಟಿನ ಅಗಲ, ವಾರಂಟಿಯ ಅವಧಿ ಎಲ್ಲವನ್ನೂ ವಿಚಾರಿಸುವವರು, ಅದನ್ನು ಇಡುವ ನೆಲದ ಬಗ್ಗೆ ಯೋಚಿಸುವುದು ಕಟ್ಟಕಡೆಗೆ. ಆಗಲೂ ಕೇಳುವ ಪ್ರಶ್ನೆ ಒಂದೇ: ಎಷ್ಟು ದಪ್ಪದ ಮ್ಯಾಟ್ ಹಾಕಬೇಕು? ಈ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲ. ಏಕೆಂದರೆ ದಪ್ಪವಾಗಿದೆ, ಮೆತ್ತಗಿದೆ ಎಂದ ಮಾತ್ರಕ್ಕೆ ಯಾವ ಹಾಸೂ ನೆಲವನ್ನು ಕಾಯುವುದಿಲ್ಲ. ಮೊದಲು ಕೇಳಬೇಕಾದ್ದು, ಈ ಕೋಣೆಯಲ್ಲಿ ಹುಟ್ಟುವ ಬಲ ಯಾವ ಬಗೆಯದು, ಅದು ಎಲ್ಲಿಗೆ ಹೋಗುತ್ತದೆ, ಹೋಗುವ ದಾರಿಯಲ್ಲಿ ಯಾರಿಗೆ ತಾಗುತ್ತದೆ ಎಂಬುದನ್ನು. ಸುಮ್ಮನೆ ಕೂತ ಭಾರ, ಬಿದ್ದ ಪೆಟ್ಟು, ಬಿಡದೆ ನಡೆಯುವ ನಡುಕ ಇವು ಮೂರೂ ಬೇರೆ ಬೇರೆ. ಇವುಗಳಿಗೆ ಮದ್ದೂ ಬೇರೆ. ಒಂದೇ ಹಾಸು ಮೂರಕ್ಕೂ ಸಾಕು ಎಂಬ ನಂಬಿಕೆಯಿಂದಲೇ ಟೈಲ್ಸ್ ಬಿರಿಯುತ್ತವೆ, ಕೆಳಮನೆಯವರ ನಿದ್ದೆ ಕೆಡುತ್ತದೆ, ಕೊಂಡ ಮ್ಯಾಟ್ ವರ್ಷ ತುಂಬುವುದರೊಳಗೆ ಮೂಲೆ ಸೇರುತ್ತದೆ.

ನೆಲವೂ ಸಲಕರಣೆಯ ಒಂದು ಭಾಗ ಎಂಬ ತಿಳಿವಳಿಕೆ ನಮ್ಮಲ್ಲಿ ಹೊಸದಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ಮಟ್ಟಿಯ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ ಬೆರೆಸಿ, ಅಗೆದು ಸಡಿಲಗೊಳಿಸಿದ ಮೇಲೆಯೇ ಕುಸ್ತಿ. ಬೀಳುವ ದೇಹವನ್ನು ಹಿಡಿಯಬೇಕಾದ್ದು ಆ ಮಣ್ಣು ಎಂಬುದು ಉಸ್ತಾದರಿಗೆ ಗೊತ್ತಿತ್ತು. ಆದ್ದರಿಂದ ನೆಲದ ಸಿದ್ಧತೆ ಅಭ್ಯಾಸದ ಮೊದಲ ಪಾಠವೇ ಆಗಿತ್ತು. ಆದರೆ ಗರಡಿಯ ಮಣ್ಣಿನ ಕೆಳಗೆ ಇದ್ದದ್ದು ಭೂಮಿ. ಇಂದಿನ ಮನೆಯಲ್ಲಿ ಮ್ಯಾಟಿನ ಕೆಳಗೆ ಟೈಲ್ಸ್, ಅದರ ಕೆಳಗೆ ಗಾರೆ, ಗಾರೆಯ ಕೆಳಗೆ ಐದಾರು ಇಂಚಿನ ಕಾಂಕ್ರೀಟ್ ಸ್ಲ್ಯಾಬ್, ಅದರ ಕೆಳಗೆ ಇನ್ನೊಂದು ಸಂಸಾರ. ಮಹಡಿಯ ಮನೆಯಲ್ಲಿ ಹಾಸು ಆರಿಸುವುದು ಹೀಗೆ ದೇಹ, ಕಟ್ಟಡ, ನೆರೆಹೊರೆ ಈ ಮೂರರ ಹಿತವನ್ನೂ ತೂಗಿ ನೋಡುವ ಕೆಲಸ. ಮೂರೂ ಹಿತಗಳು ಯಾವಾಗಲೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಮಂಡಿಗೆ ಹಿತವಾದ ಮೆತ್ತನೆಯ ಫೋಮ್ ಭಾರ ಎತ್ತುವವರ ಕಾಲಿನ ಸಮತೋಲ ಕೆಡಿಸುತ್ತದೆ. ಟೈಲ್ಸನ್ನು ಚೆನ್ನಾಗಿ ಕಾಯುವ ಗಟ್ಟಿ ಹಲಗೆ ಕೆಳಮನೆಗೆ ಇಳಿಯುವ ಸದ್ದನ್ನು ತಡೆಯುವುದಿಲ್ಲ.

ಮೊದಲು ಕೂತ ಭಾರವನ್ನು ನೋಡೋಣ, ಏಕೆಂದರೆ ಜನರ ಮೊದಲ ಭಯ ಅದರದ್ದೇ: ಟ್ರೆಡ್‌ಮಿಲ್ ಇಟ್ಟರೆ ಸ್ಲ್ಯಾಬ್ ತಡೆಯುತ್ತದೆಯೇ? ಕಟ್ಟಡದ ಮೇಲೆ ಬೀಳುವ ಭಾರಗಳಿಗಾಗಿ ಇರುವ ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ, ವಾಸದ ಕೋಣೆಗಳನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡಬೇಕೆನ್ನುತ್ತದೆ. ನೂರು ಕೆ.ಜಿ. ಯಂತ್ರ, ಎಂಬತ್ತು ಕೆ.ಜಿ. ಮನುಷ್ಯ, ಎರಡಕ್ಕೂ ಸೇರಿ ಎರಡು ಚದರ ಮೀಟರ್ ಜಾಗ ಎಂದಿಟ್ಟುಕೊಂಡರೆ ಚದರ ಮೀಟರಿಗೆ ತೊಂಬತ್ತು ಕೆ.ಜಿ. ಆಯಿತು. ನಿಯಮದಂತೆ ಕಟ್ಟಿದ ಆರ್‌ಸಿಸಿ ಮನೆಗೆ ಇದು ಹೊರೆಯಲ್ಲ. ಎಚ್ಚರ ಬೇಕಾದ ಕಡೆ ಬೇರೆ ಇವೆ. ಕಬ್ಬಿಣದ ಪ್ಲೇಟುಗಳನ್ನೆಲ್ಲ ಒಂದೇ ಮೂಲೆಯಲ್ಲಿ ಪೇರಿಸಿ ಅಲ್ಲಿಗೇ ನಾನೂರೈನೂರು ಕೆ.ಜಿ. ತಂದಿಟ್ಟರೆ ಲೆಕ್ಕ ತಪ್ಪುತ್ತದೆ. ಹಳೆಯ ಬೆಂಗಳೂರು, ಮೈಸೂರುಗಳ ಮದ್ರಾಸ್ ತಾರಸಿ ಮನೆಗಳು, ಮಲೆನಾಡು ಮತ್ತು ಕರಾವಳಿಯ ಮರದ ತೊಲೆಯ ಮಹಡಿಗಳು ಈ ಮಾನಕದ ಲೆಕ್ಕದಲ್ಲಿ ಕಟ್ಟಿದವಲ್ಲ; ಅಲ್ಲಿ ಭಾರದ ಯಂತ್ರಗಳಿಗೆ ನೆಲಮಹಡಿಯೇ ಸರಿಯಾದ ಜಾಗ. ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ತಿಳಿದಿರಬೇಕು: ಸ್ಲ್ಯಾಬಿಗೆ ತಡೆಯಲಾಗದ ಭಾರವನ್ನು ಯಾವ ಮ್ಯಾಟೂ ಕಡಿಮೆ ಮಾಡುವುದಿಲ್ಲ.

ಸ್ಲ್ಯಾಬ್ ತಡೆದರೂ ಟೈಲ್ಸ್ ತಡೆಯುತ್ತದೆ ಎನ್ನುವಂತಿಲ್ಲ. ಇಂದು ಹೆಚ್ಚಿನ ಮನೆಗಳಲ್ಲಿ ಇರುವುದು ವಿಟ್ರಿಫೈಡ್ ಟೈಲ್ಸ್. ಅದು ನೀರು ಹೀರುವುದು ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ, ಹಾಗಾಗಿ ಬರೀ ಸಿಮೆಂಟ್ ಗಾರೆ ಅದರ ಬೆನ್ನಿಗೆ ಚೆನ್ನಾಗಿ ಕಚ್ಚಿಕೊಳ್ಳುವುದಿಲ್ಲ, ಟೈಲ್ಸ್ ಅಂಟು ಬೇಕಾಗುತ್ತದೆ. ಅಂಟು ಬಳಸದೆ, ಗಾರೆಯನ್ನು ಸಮವಾಗಿ ತುಂಬದೆ ಕೂರಿಸಿದಲ್ಲಿ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಟೈಲ್ಸ್ ಒತ್ತಡಕ್ಕೆ ಗಟ್ಟಿ, ಬಾಗುವಿಕೆಗೆ ದುರ್ಬಲ. ಪೊಳ್ಳಿನ ಮೇಲೆ ಬೆಂಚಿನ ಕಬ್ಬಿಣದ ಕಾಲು ಊರಿದಾಗ ಅದು ಬಾಗಲು ಹೋಗಿ ಬಿರಿಯುತ್ತದೆ. ಆದ್ದರಿಂದ ಮ್ಯಾಟ್ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ ನಾಣ್ಯದಿಂದಲೋ ಬೀಗದ ಕೈಯಿಂದಲೋ ಪ್ರತಿ ಟೈಲ್ಸಿನ ಮೂಲೆ, ನಡುಗಳನ್ನು ತಟ್ಟಿ ಕೇಳುವುದು. ಡೊಳ್ಳು ಸದ್ದು ಬಂದ ಕಡೆ ಯಂತ್ರದ ಕಾಲು ಬರಬಾರದು. ಹಳೆಯ ನೆಲಗಳ ಗುಣ ಬೇರೆ. ರೆಡ್ ಆಕ್ಸೈಡ್ ನೆಲ ಒಂದೇ ಹಾಸಾಗಿ ಕೂತಿರುವುದರಿಂದ ಟೈಲ್ಸಿನ ಹಾಗೆ ಬಿಡಿಬಿಡಿಯಾಗಿ ಒಡೆಯದು, ಆದರೆ ಮೇಲ್ಮೈ ತೆಳು. ಒಮ್ಮೆ ಗೀರಿದರೆ ಅದೇ ಬಣ್ಣ ಕೂಡಿಸುವ ಕೆಲಸಗಾರ ಸಿಗುವುದು ಕಷ್ಟ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಡಪ ಕಲ್ಲು, ಗ್ರಾನೈಟ್ ಇವು ದಪ್ಪ ಚಪ್ಪಡಿಗಳಾದ್ದರಿಂದ ಹೆಚ್ಚು ತಾಳುತ್ತವೆ. ಮರದಂತೆ ಕಾಣುವ ಲ್ಯಾಮಿನೇಟ್ ನೆಲ ಎಲ್ಲಕ್ಕಿಂತ ನಾಜೂಕು: ಅದು ತೆಳು ಫೋಮಿನ ಮೇಲೆ ಅಂಟಿಲ್ಲದೆ ಕೂತಿರುತ್ತದೆ, ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಭಾರವಿಟ್ಟು ಅದನ್ನು ಅದುಮಿ ಹಿಡಿದರೆ ಕೂಡುಗೆರೆಗಳು ಬಿಟ್ಟುಕೊಳ್ಳುತ್ತವೆ. ಕೂತ ಭಾರಕ್ಕೆ ಬೇಕಾದ್ದು, ಹೀಗೆ ನೋಡಿದರೆ, ಹರಡುವ ಪದರ. ಹದಿನೆಂಟು ಮಿ.ಮೀ. ಪ್ಲೈವುಡ್ ಈ ಕೆಲಸವನ್ನು ಯಾವ ದಪ್ಪದ ಫೋಮಿಗಿಂತಲೂ ಚೆನ್ನಾಗಿ ಮಾಡುತ್ತದೆ.

ಪೆಟ್ಟಿನ ಕಥೆ ಬೇರೆ, ಅದರ ಲೆಕ್ಕ ಬೆಚ್ಚಿಬೀಳಿಸುವಂಥದ್ದು. ಬಿದ್ದ ವಸ್ತು ಎಷ್ಟು ಎತ್ತರದಿಂದ ಬಿತ್ತು, ಎಷ್ಟು ದೂರದಲ್ಲಿ ನಿಂತಿತು ಎಂಬ ಎರಡು ಅಳತೆಗಳ ಅನುಪಾತವೇ, ನೆಲಕ್ಕೆ ಬೀಳುವ ಬಲ ಸರಾಸರಿಯಲ್ಲಿ ಅದರ ತೂಕದ ಎಷ್ಟು ಪಟ್ಟು ಎಂದು ಹೇಳುತ್ತದೆ. ಇಪ್ಪತ್ತು ಕೆ.ಜಿ. ಡಂಬೆಲ್ ಐವತ್ತು ಸೆಂ.ಮೀ. ಎತ್ತರದಿಂದ ಜಾರಿ ಬಿತ್ತೆನ್ನಿ. ಗಟ್ಟಿ ನೆಲದ ಮೇಲೆ ಅದು ಒಂದು ಮಿ.ಮೀ. ಅಂತರದಲ್ಲಿ ನಿಂತರೆ ನೆಲಕ್ಕೆ ಬೀಳುವ ಬಲ ತೂಕದ ಐನೂರು ಪಟ್ಟು, ಅಂದರೆ ಹತ್ತು ಟನ್ನಿನಷ್ಟು. ಅದೇ ಡಂಬೆಲ್ ಹಾಸನ್ನು ಹತ್ತು ಮಿ.ಮೀ. ಅದುಮಿ ನಿಂತರೆ ಬಲ ಒಂದು ಟನ್ನಿಗೆ ಇಳಿಯುತ್ತದೆ. ಹಾಸಿನ ಕೆಲಸ ಇದೇ: ನಿಲ್ಲುವ ದೂರವನ್ನು ಹೆಚ್ಚಿಸುವುದು. ಒರಳಿನಲ್ಲಿ ಕುಟ್ಟುವಾಗ ಅಡಿಗೆ ಮಡಿಸಿದ ಗೋಣಿಚೀಲ ಹಾಕುತ್ತಿದ್ದ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದನ್ನೇ. ಆದರೆ ಇಲ್ಲೊಂದು ಷರತ್ತಿದೆ. ಹಾಸು ಅದುಮುತ್ತಾ ಹೋಗುವಾಗ ಎದುರೊತ್ತಬೇಕು. ಎದುರೊತ್ತದೆ ಥಟ್ಟನೆ ಪೂರ್ತಿ ಚಪ್ಪಟೆಯಾದರೆ ಉಳಿದ ಶಕ್ತಿಯೆಲ್ಲ ನೇರವಾಗಿ ಟೈಲ್ಸಿಗೆ ಇಳಿಯುತ್ತದೆ. ಆಗ ಮ್ಯಾಟ್ ಇದ್ದೂ ಇಲ್ಲದಂತೆ.

ಅಂಗಡಿಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಸಿಗುವ, ಹಲ್ಲುಗಳಿಂದ ಒಂದಕ್ಕೊಂದು ಸಿಕ್ಕಿಸುವ ಇವಿಎ ಫೋಮ್ ಮ್ಯಾಟು ಸೋಲುವುದು ಇಲ್ಲೇ. ಎರಡಡಿ ಚೌಕದ, ಹತ್ತರಿಂದ ಇಪ್ಪತ್ತು ಮಿ.ಮೀ. ದಪ್ಪದ ಈ ತುಂಡುಗಳು ಹಗುರ, ಅಗ್ಗ, ಬಣ್ಣಬಣ್ಣ. ಕೈಯಿಂದ ಒತ್ತಿದರೆ ಭರವಸೆ ಹುಟ್ಟಿಸುವಷ್ಟು ಮೆತ್ತಗೆ. ಯೋಗ, ದಂಡ, ಹೊಟ್ಟೆಯ ವ್ಯಾಯಾಮ, ಮಕ್ಕಳ ಆಟ ಇವುಗಳಿಗೆ ಇದು ಒಳ್ಳೆಯದೇ, ಏಕೆಂದರೆ ಅಲ್ಲಿ ಕಾಯಬೇಕಾದ್ದು ಮೊಣಕೈ, ಮಂಡಿ, ಬೆನ್ನುಮೂಳೆ. ದೇಹದ ಭಾರ ಅಗಲವಾಗಿ ಹರಡುವುದರಿಂದ ಫೋಮ್ ತಾಳುತ್ತದೆ. ಡಂಬೆಲ್ಲಿನ ಅಂಚು ಹಾಗಲ್ಲ. ಅಂಗೈಗಿಂತ ಕಡಿಮೆ ಜಾಗದಲ್ಲಿ ಇಡೀ ಪೆಟ್ಟನ್ನು ಇಳಿಸುತ್ತದೆ. ಅಲ್ಲಿ ಫೋಮಿನ ಗಾಳಿಗುಳ್ಳೆಗಳು ಒಡೆದು ಶಾಶ್ವತವಾದ ಗುಳಿ ಉಳಿಯುತ್ತದೆ. ಯಂತ್ರದ ಕಾಲು ತಿಂಗಳುಗಟ್ಟಲೆ ಒಂದೇ ಕಡೆ ಊರಿದರೂ ಹೀಗೇ ಆಗುತ್ತದೆ. ಕಾಲುಗಳು ಸಮವಾಗಿ ಕುಸಿಯದೆ ಟ್ರೆಡ್‌ಮಿಲ್ ವಾಲುತ್ತದೆ, ಬೆಲ್ಟ್ ಒಂದು ಬದಿಗೆ ಸರಿಯತೊಡಗುತ್ತದೆ. ಫೋಮಿನ ಮೇಲೆ ನಿಂತು ಬಾರ್‌ಬೆಲ್ ಹೊತ್ತು ಬಸ್ಕಿ ಹೊಡೆಯುವುದಂತೂ ಹಿಮ್ಮಡಿಗೆ ಆಧಾರವಿಲ್ಲದಂತೆ ಮಾಡಿ ಹೆಜ್ಜೆ ತಪ್ಪಿಸುತ್ತದೆ.

ಪೆಟ್ಟಿಗೆ ತಕ್ಕದ್ದು ರಬ್ಬರ್. ಹಳೆಯ ಟಯರುಗಳನ್ನು ಪುಡಿ ಮಾಡಿ ಪಾಲಿಯುರೆಥೇನ್ ಅಂಟಿನಲ್ಲಿ ಒತ್ತಿದ ಹಾಸುಗಳು ಆರು, ಎಂಟು, ಹತ್ತು ಮಿ.ಮೀ. ಸುರುಳಿಗಳಾಗಿಯೂ, ಹದಿನೈದು ಮಿ.ಮೀ.ನಿಂದ ಮೇಲಕ್ಕೆ ಚೌಕಗಳಾಗಿಯೂ ದೊರೆಯುತ್ತವೆ. ಇವುಗಳ ಸಾಂದ್ರತೆ ಸುಮಾರಾಗಿ ನೀರಿನಷ್ಟೇ. ಅಂದರೆ ಹತ್ತು ಮಿ.ಮೀ. ಹಾಸು ಚದರ ಮೀಟರಿಗೆ ಹತ್ತು ಕೆ.ಜಿ. ಆಸುಪಾಸು ತೂಗಬೇಕು. ದಪ್ಪ ಒಂದೇ ಇದ್ದು ತೂಕ ಬಹಳ ಕಡಿಮೆ ಇದ್ದರೆ ಒಳಗೆ ರಬ್ಬರಿಗಿಂತ ಗಾಳಿಯೇ ಹೆಚ್ಚು ಎಂದರ್ಥ. ಕೊಳ್ಳುವವರಿಗೆ ಇದಕ್ಕಿಂತ ಸರಳವಾದ ಪರೀಕ್ಷೆ ಇಲ್ಲ. ಇನ್ನೊಂದು ದಾರಿ ನಮ್ಮ ತಾಲ್ಲೂಕು ಪೇಟೆಗಳಲ್ಲೇ ಇದೆ: ಕೊಟ್ಟಿಗೆಗೆ ಹಾಸುವ ಕೌ ಮ್ಯಾಟ್. ಹಾಲು ಒಕ್ಕೂಟಗಳು ಸಹಾಯಧನ ಕೊಟ್ಟು ಹೈನುಗಾರರಿಗೆ ಹಂಚಿರುವ ಈ ಗಟ್ಟಿ ರಬ್ಬರ್ ಹಾಸು ನಾನೂರೈನೂರು ಕೆ.ಜಿ. ತೂಗುವ ಹಸು ನಾಲ್ಕು ಗೊರಸುಗಳ ಮೇಲೆ ನಿಂತು, ಮಲಗಿ, ಎದ್ದು ಓಡಾಡುವುದನ್ನು ವರ್ಷಗಟ್ಟಲೆ ತಾಳುವಂತೆ ಮಾಡಿದ್ದು. ಅಮೆರಿಕದಲ್ಲಿ ಮನೆಯಲ್ಲೇ ಭಾರ ಎತ್ತುವವರು ಕುದುರೆ ಲಾಯದ ಮುಕ್ಕಾಲು ಇಂಚಿನ ರಬ್ಬರ್ ಹಾಸನ್ನು ಬಹಳ ಕಾಲದಿಂದ ಬಳಸುತ್ತಿರುವುದು ಇದೇ ಕಾರಣಕ್ಕೆ. ಕೌ ಮ್ಯಾಟಿನ ಮೇಲ್ಮೈಯ ಉಬ್ಬುತಗ್ಗು ಬರಿಗಾಲಿಗೆ ಒರಟು, ಮೊದಲ ವಾರಗಳ ವಾಸನೆ ಜೋರು. ಕೆಲವು ಮ್ಯಾಟುಗಳ ಅಡಿಯಲ್ಲಿ ಗೀರುಗಾಲುವೆಗಳಿದ್ದು ಭಾರ ಸಮವಾಗಿ ಹರಡುವುದಿಲ್ಲ. ಇವನ್ನು ನೋಡಿ ಆರಿಸಿದರೆ ಭಾರ ಎತ್ತುವ ಮೂಲೆಗೆ ಇದು ಜಿಮ್ ಹೆಸರಿನಲ್ಲಿ ಮಾರುವ ಹಾಸುಗಳಿಗೆ ಸರಿಸಾಟಿ.

ಆದರೂ ಬರೀ ರಬ್ಬರ್ ಎಲ್ಲವನ್ನೂ ಮಾಡದು. ಬಾರ್‌ಬೆಲ್ ಎತ್ತುವವರು ಕಟ್ಟಿಕೊಳ್ಳುವ ವೇದಿಕೆಯ ಕ್ರಮ ಇಲ್ಲಿ ಪಾಠ ಹೇಳುತ್ತದೆ. ಕೆಳಗೆ ಎಂಟಡಿ ನಾಲ್ಕಡಿಯ ಪ್ಲೈವುಡ್ ಎರಡು ಪದರ, ಮೇಲಿನ ಪದರದ ಕೂಡುಗೆರೆ ಕೆಳಗಿನದಕ್ಕೆ ಅಡ್ಡವಾಗಿ. ಅದರ ಮೇಲೆ ನಡುವೆ ಕಾಲೂರಲು ಗಟ್ಟಿಮರ, ಎರಡೂ ಬದಿಗೆ ಪ್ಲೇಟು ಬೀಳುವಲ್ಲಿ ದಪ್ಪ ರಬ್ಬರ್. ರಬ್ಬರ್ ಪೆಟ್ಟನ್ನು ನಿಧಾನಗೊಳಿಸುತ್ತದೆ, ಪ್ಲೈವುಡ್ ಅದನ್ನು ಹಲವು ಟೈಲ್ಸುಗಳಿಗೆ ಹಂಚುತ್ತದೆ, ಮರ ಕಾಲಿಗೆ ಅಲುಗದ ನೆಲೆ ಕೊಡುತ್ತದೆ. ಮೂರು ಕೆಲಸ, ಮೂರು ಪದರ. ಮನೆಯ ಮೂಲೆಗೆ ಇಷ್ಟು ದೊಡ್ಡದು ಬೇಕಿಲ್ಲ. ಬೆಂಚು ಮತ್ತು ಡಂಬೆಲ್ ಇರುವ ಆರಡಿ ನಾಲ್ಕಡಿ ಜಾಗಕ್ಕೆ ಒಂದು ಪ್ಲೈವುಡ್ ಹಾಳೆ, ಅದರ ಮೇಲೆ ಹದಿನೈದು–ಇಪ್ಪತ್ತು ಮಿ.ಮೀ. ರಬ್ಬರ್ ಸಾಕು. ಇಡೀ ಕೋಣೆಗೆ ತೆಳುವಾದ ಹಾಸು ಹರಡುವ ಹಣದಲ್ಲಿ ಪೆಟ್ಟು ಬೀಳುವ ಜಾಗಕ್ಕೆ ಒಳ್ಳೆಯ ಹಾಸು ಹಾಕುವುದು ವಿವೇಕ.

ಮೂರನೆಯ ಬಲವಾದ ನಡುಕದ ವಿಷಯದಲ್ಲಿ ಮಾರುವವರ ಭರವಸೆಗೂ ಭೌತಶಾಸ್ತ್ರಕ್ಕೂ ಇರುವ ಅಂತರ ದೊಡ್ಡದು. ಓಡುವವರ ಹೆಜ್ಜೆ ನಿಮಿಷಕ್ಕೆ ಸಾಮಾನ್ಯವಾಗಿ 160ರಿಂದ 180, ಅಂದರೆ ಸೆಕೆಂಡಿಗೆ ಸುಮಾರು ಮೂರು. ಪ್ರತಿ ಹೆಜ್ಜೆಗೂ ದೇಹತೂಕದ ಎರಡು ಮೂರು ಪಟ್ಟು ಬಲ. ಹಾಸಿನ ಮೇಲೆ ಕೂತ ಯಂತ್ರಕ್ಕೆ ತನ್ನದೇ ಒಂದು ತೂಗಾಟದ ವೇಗವಿರುತ್ತದೆ. ಭಾರಕ್ಕೆ ಹಾಸು ಒಂದು ಮಿ.ಮೀ. ಕುಸಿದರೆ ಆ ವೇಗ ಸೆಕೆಂಡಿಗೆ ಹದಿನಾರರ ಸುಮಾರು; ಸೆಕೆಂಡಿಗೆ ಇಪ್ಪತ್ತೆರಡಕ್ಕಿಂತ ವೇಗದ ಕಂಪನಗಳನ್ನಷ್ಟೇ ಅಂಥ ಹಾಸು ತಡೆಯಬಲ್ಲದು. ಸೆಕೆಂಡಿಗೆ ಮೂರರ ಹೆಜ್ಜೆಯನ್ನು ಸ್ಲ್ಯಾಬಿಗೆ ತಲುಪದಂತೆ ಮಾಡಲು ಆರು ಸೆಂ.ಮೀ. ಮೀರಿ ಕುಸಿಯುವ ಸ್ಪ್ರಿಂಗ್ ಬೇಕು. ಅದರ ಮೇಲೆ ಯಾರೂ ಓಡಲಾರರು. ಹಾಗಾದರೆ ಟ್ರೆಡ್‌ಮಿಲ್ ಮ್ಯಾಟ್ ವ್ಯರ್ಥವೇ? ಅಲ್ಲ. ಮೋಟಾರಿನ ಗುಂಯ್‌ಗುಡುವಿಕೆ, ಹೆಜ್ಜೆಯ ಚುರುಕು ಸಪ್ಪಳ ಇಳಿಯುತ್ತವೆ, ಯಂತ್ರ ಜಾರದೆ ನಿಲ್ಲುತ್ತದೆ, ನೆಲ ಗೀರುವುದಿಲ್ಲ. ಆದರೆ ಕೆಳಮನೆಯವರನ್ನು ಕಾಡುವ ಧಪಧಪ ಉಳಿಯುತ್ತದೆ. ಅದಕ್ಕೆ ಮದ್ದು ಹಾಸಿಗಿಂತ ಜಾಗದಲ್ಲಿದೆ. ಸ್ಲ್ಯಾಬ್ ಅತಿ ಹೆಚ್ಚು ಅಲುಗುವುದು ಕೋಣೆಯ ನಡುವೆ. ತೊಲೆ, ಕಂಬ, ಗೋಡೆಗಳ ಬಳಿ ಅತಿ ಕಡಿಮೆ. ಅಪಾರ್ಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಮಲಗುವ ಕೋಣೆಯ ಕೆಳಗೆ ಮಲಗುವ ಕೋಣೆಯೇ ಇರುತ್ತದೆ. ಯಂತ್ರವನ್ನು ಹಾಲ್‌ನ ಗೋಡೆಯಂಚಿಗೆ ಸರಿಸಿದರೆ ಕೆಳಗಿನವರ ಹಾಸಿಗೆಯ ಮೇಲಿಂದಲೂ ಸರಿಸಿದಂತಾಯಿತು.

ಸದ್ದು ತಡೆಯುತ್ತದೆಂದು ಡಬ್ಬಿಯ ಮೇಲೆ ಅಚ್ಚಾದ ಅಂಕಿಗಳು ಇದ್ದರೆ ಅವನ್ನು ನಂಬಬಾರದೇ ಎಂದು ಕೇಳಬಹುದು. ಅಂಕಿ ಸುಳ್ಳಿರಲಾರದು, ಅದು ಅಳೆದದ್ದು ಬೇರೆಯದನ್ನು. ಅಂತಾರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿ ನೆಲವನ್ನು ತಟ್ಟುವುದು ತಲಾ ಅರ್ಧ ಕೆ.ಜಿ.ಯ ಐದು ಸುತ್ತಿಗೆಗಳು, ನಾಲ್ಕು ಸೆಂ.ಮೀ. ಎತ್ತರದಿಂದ. ನಾವು ಲೆಕ್ಕ ಹಾಕಿದ ಇಪ್ಪತ್ತು ಕೆ.ಜಿ. ಡಂಬೆಲ್ಲಿನ ಪೆಟ್ಟಿನ ಶಕ್ತಿ ಅಂಥ ಒಂದು ಸುತ್ತಿಗೆಯದಕ್ಕಿಂತ ಐನೂರು ಪಟ್ಟು. ನಡೆದಾಡುವ ಸದ್ದನ್ನು ಚೆನ್ನಾಗಿ ತಡೆಯುವ ತೆಳು ಹಾಸು ಇಂಥ ಪೆಟ್ಟಿನ ಮುಂದೆ ಏನೂ ಅಲ್ಲ. ಕಾನೂನಿನ ಅಂಕಿಗಳಿಗೂ ಇದೇ ಮಿತಿ. 2000ದ ಶಬ್ದ ಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಎಂದು ಹೇಳುವುದು ಬಯಲಿನ ಸದ್ದಿಗೆ. ಸ್ಲ್ಯಾಬಿನ ಮೂಲಕ ಇಳಿಯುವ ಗುದ್ದನ್ನು ಎದುರಿಗಿಟ್ಟುಕೊಂಡು ಬರೆದ ಮಿತಿಗಳಲ್ಲ ಅವು. ಆದರೂ ಆ ಸಮಯದ ಗೆರೆಯನ್ನು ಪಾಲಿಸುವುದು ಯಾವ ಮ್ಯಾಟಿಗಿಂತಲೂ ಹೆಚ್ಚು ಫಲ ಕೊಡುವ, ಖರ್ಚಿಲ್ಲದ ಉಪಾಯ.

ಬಲಗಳ ಲೆಕ್ಕ ಮುಗಿದ ಮೇಲೂ ಹಾಸು ತನ್ನಿಂದಲೇ ನೆಲ ಕೆಡಿಸದಂತೆ ನೋಡಿಕೊಳ್ಳಬೇಕು. ರಬ್ಬರ್ ಬೇಗ ಹಳತಾಗದಿರಲೆಂದು ಬೆರೆಸಿದ ರಾಸಾಯನಿಕಗಳು ನಿಧಾನವಾಗಿ ಹೊರಬಂದು ವಿನೈಲ್ ನೆಲದಲ್ಲಿ ಹಳದಿ ಕಂದು ಕಲೆ ಬಿಡುತ್ತವೆ. ಅದು ಒರೆಸಿದರೆ ಹೋಗದು. ಮಾರ್ಬಲ್, ವಾರ್ನಿಷ್ ಮಾಡಿದ ಮರ, ರೆಡ್ ಆಕ್ಸೈಡ್ ನೆಲಗಳ ಮೇಲೂ ನಡುವೆ ಪ್ಲೈವುಡ್ಡಿನಂಥ ತಡೆ ಇರುವುದು ಲೇಸು. ಮ್ಯಾಟಿನಡಿ ಸಿಕ್ಕಿದ ಮರಳುಕಣ ಪಾಲಿಶ್ ತಿನ್ನುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಮಂಗಳೂರು, ಉಡುಪಿಯ ಕಡೆ, ಮಲೆನಾಡಿನಲ್ಲಿ, ನೆಲದಿಂದ ತೇವ ಏರುವ ನೆಲಮಹಡಿಗಳಲ್ಲಿ ಮುಚ್ಚಿಟ್ಟ ಹಾಸಿನಡಿ ಬೂಸ್ಟು ಹಿಡಿಯುವುದು ಖಚಿತ. ಪ್ಲೈವುಡ್ ಬಳಸುವುದಾದರೆ ನೀರು ತಾಳುವ ದರ್ಜೆಯದ್ದೇ ಆಗಬೇಕು, ಹಾಸನ್ನು ತಿಂಗಳಿಗೊಮ್ಮೆ ಎತ್ತಿ ಒಣಗಿಸಬೇಕು. ನೆಲದಷ್ಟೇ ಉಸಿರಾಡುವ ಗಾಳಿಯೂ ಮುಖ್ಯ. ಫೋಮಿನಲ್ಲಿರುವ ಫಾರ್ಮಮೈಡ್ ಎಂಬ ರಾಸಾಯನಿಕದ ಕಾರಣಕ್ಕೆ 2010ರ ಕೊನೆಯಲ್ಲಿ ಬೆಲ್ಜಿಯಂ, ಫ್ರಾನ್ಸ್ ದೇಶಗಳು ಮಕ್ಕಳ ಫೋಮ್ ಮ್ಯಾಟುಗಳ ಮಾರಾಟ ತಡೆದಿದ್ದವು. ಟಯರ್ ಪುಡಿಯ ಬಗ್ಗೆ, ಆಟದ ಮೈದಾನಗಳನ್ನು ಅಧ್ಯಯನ ಮಾಡಿದ ಐರೋಪ್ಯ ರಾಸಾಯನಿಕ ಸಂಸ್ಥೆ 2017ರಲ್ಲಿ ಆತಂಕಕ್ಕೆ ಕಾರಣ ಬಹಳ ಕಡಿಮೆ ಎಂದಿತು. ಮೈದಾನ ಬಯಲು, ಮನೆ ಮುಚ್ಚಿದ ಕೋಣೆ. ಆದ್ದರಿಂದ ಹೊಸ ಹಾಸನ್ನು ಕೆಲವು ದಿನ ಹೊರಗೆ ಹರಡಿ, ವಾಸನೆ ಇಳಿದ ಮೇಲೆ ಒಳತರುವುದು, ಕಿಟಕಿಯಿಲ್ಲದ ಕೋಣೆಗೆ ಹಾಕದಿರುವುದು ಸರಿಯಾದ ಎಚ್ಚರ.

ಇಷ್ಟೆಲ್ಲ ಏಕೆ, ಹೆಚ್ಚಿನವರು ಮಾಡುವುದು ಹಗುರ ವ್ಯಾಯಾಮವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಗುರ ವ್ಯಾಯಾಮ ಮಾಡುವವರಿಗೆ ಹೆಚ್ಚು ಖರ್ಚು ಬೇಡ ಎಂಬುದೂ ಈ ವಿಚಾರದಿಂದಲೇ ಹೊರಡುತ್ತದೆ. ಯೋಗಕ್ಕೆ ನಾಲ್ಕರಿಂದ ಆರು ಮಿ.ಮೀ. ಮ್ಯಾಟ್ ಸಾಕು, ವ್ಯಾಯಾಮದ ಸೈಕಲ್ಲಿಗೆ ಬೆವರು ತಡೆಯುವ ತೆಳು ರಬ್ಬರ್ ಸಾಕು. ಅವರಿಗೆ ಇಪ್ಪತ್ತು ಮಿ.ಮೀ. ಹಾಸು ಮಾರುವುದೇ ತಪ್ಪು. ಬಿಲ್ಡರ್ ಗಟ್ಟಿಯಾಗಿ ಕಟ್ಟಿದ್ದರೆ ಈ ತೊಂದರೆ ಇರುತ್ತಿರಲಿಲ್ಲ ಎನ್ನುವುದರಲ್ಲೂ ಹುರುಳಿದೆ: ಟೈಲ್ಸಿನಡಿ ಪೊಳ್ಳು ಬಿಡದೆ, ಸ್ಲ್ಯಾಬಿನ ಮೇಲೆ ಸದ್ದು ತಡೆಯುವ ಪದರ ಹಾಕಿ ಕಟ್ಟುವುದು ಅಗತ್ಯ, ಮನೆ ಕೊಳ್ಳುವವರು ಅದನ್ನು ಕೇಳುವಂತಾಗಬೇಕು. ಆದರೆ ಕಟ್ಟಿದ ಮನೆಯಲ್ಲಿ ಇರುವವರಿಗೆ ಆ ಮಾತು ಉತ್ತರವಾಗದು. ಖರ್ಚಿನ ಆಕ್ಷೇಪಕ್ಕೆ ಉತ್ತರ ಇನ್ನೂ ನೇರ. ಒಡೆದ ಒಂದು ಟೈಲ್ಸ್ ಬದಲಾಯಿಸಲು ಅದೇ ಬಣ್ಣದ, ಅದೇ ತಯಾರಿಕೆಯ ತುಂಡು ವರ್ಷಗಳ ಮೇಲೆ ಸಿಗುವುದು ಅಪರೂಪ. ಬಾಡಿಗೆಯವರಾದರೆ ಅಡ್ವಾನ್ಸಿನಲ್ಲಿ ಕಡಿತ. ಹಾಸಿನ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಅದಕ್ಕೆ ಹಣ ಉಳಿಯದಿದ್ದರೆ ಸಣ್ಣ ಯಂತ್ರ ಕೊಳ್ಳಬೇಕು.

ಆದ್ದರಿಂದ ಆಯ್ಕೆಯ ಕ್ರಮ ಹೀಗಿರಲಿ: ಯಾವ ವ್ಯಾಯಾಮ, ಅದರಿಂದ ಯಾವ ಬಲ, ಕೆಳಗಿರುವುದು ಎಂಥ ನೆಲ, ಅದರ ಕೆಳಗೆ ಯಾರು, ಯಂತ್ರಕ್ಕೆ ಯಾವ ಜಾಗ, ಯಾವ ಹೊತ್ತು, ಇಷ್ಟಾದ ಮೇಲೆ ಹರಡಲು ಪ್ಲೈವುಡ್ಡೋ, ಪೆಟ್ಟಿಗೆ ರಬ್ಬರೋ, ದೇಹಕ್ಕೆ ಫೋಮೋ ಎಂಬುದು ತಾನೇ ತೀರ್ಮಾನವಾಗುತ್ತದೆ. ದಪ್ಪ ಎಷ್ಟು ಎಂಬುದು ಕೊನೆಯ ಪ್ರಶ್ನೆ. ಇವೆಲ್ಲ ಸೇರಿಯೂ ಮಾಡಲಾಗದ ಒಂದು ಕೆಲಸ ಎತ್ತುವವರ ಕೈಯಲ್ಲೇ ಉಳಿದಿದೆ: ಭಾರವನ್ನು ಎತ್ತಿದಷ್ಟೇ ಹತೋಟಿಯಿಂದ ಇಳಿಸುವುದು. ಕೈ ನಿಧಾನವಾಗಿ ಇಳಿಸುವ ಅರ್ಧ ಮೀಟರ್ ದೂರಕ್ಕೆ ಯಾವ ರಬ್ಬರಿನ ಹತ್ತು ಮಿ.ಮೀ. ಕೂಡ ಸಮನಾಗದು. ಅದು ಸ್ನಾಯುವಿಗೂ ಒಳ್ಳೆಯ ವ್ಯಾಯಾಮ, ಟೈಲ್ಸಿಗೂ ಕ್ಷೇಮ, ಕೆಳಮನೆಯವರಿಗೆ ಸಲ್ಲಬೇಕಾದ ಮರ್ಯಾದೆ. ಹಾಗೆ ಇಳಿಸಲಾಗದಷ್ಟು ಭಾರ ಎತ್ತುವವರು ಮಹಡಿಯ ಮನೆ ಬಿಟ್ಟು ನೆಲಮಹಡಿಗೋ ಜಿಮ್ಮಿಗೋ ಹೋಗುವುದೇ ಸರಿ.